ಗಾಂಧಾರ ಕುಡಿದ ಅಪ್ಪ

೧

ಈ ಕಥೆಯನ್ನು ಹುಳುವಿನಿಂದ ಶುರುಮಾಡಬೇಕೋ ಬಟ್ಟಲಿನಿಂದ ಶುರುಮಾಡಬೇಕೋ ತಿಳಿಯದೆ ಬೆಳಗಿನಿಂದ ಕೂತಿದ್ದೇನೆ. ಎರಡು ಲೋಟ ಕಾಫಿ ಆಯಿತು. ಹುಳುವಿನಿಂದ ಶುರುಮಾಡಿದರೆ ಸುಗಟೂರಿನ ರೇಷ್ಮೆ ಬೇಸಾಯದ ಪಾಠ ಅಂದುಕೊಂಡು ನೀವು ಪುಟ ತಿರುಗಿಸುತ್ತೀರಿ. ಬಟ್ಟಲಿನಿಂದ ಶುರುಮಾಡಿದರೆ ಅಡುಗೆಮನೆಯ ಕಥೆ ಅಂದುಕೊಳ್ಳುತ್ತೀರಿ. ಇದು ಎರಡೂ ಅಲ್ಲ, ಒಂದು ಆರ್ಕೆಸ್ಟ್ರಾದ ಕಥೆ. ೧೯೪೩ರಲ್ಲಿ ಕೋಲಾರದ ಕಡೆ ಆರ್ಕೆಸ್ಟ್ರಾ ಎಲ್ಲಿಂದ ಬಂತು ಸ್ವಾಮಿ ಎಂದು ಕೇಳಬೇಡಿ. ನಾನೇ ತಂದಿಟ್ಟೆ.

(ಶೀರ್ಷಿಕೆ ಓದಿಕೊಂಡೇ ಒಳಗೆ ಬಂದಿದ್ದೀರಿ. ಒಬ್ಬ ಅಪ್ಪ ಏನನ್ನೋ ಕುಡಿಯುತ್ತಾನೆ ಎನ್ನುವುದು ಗೊತ್ತಾಗಿಹೋಗಿದೆ. ಅದು ಹೆಂಡವಲ್ಲ. ಅಷ್ಟನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಅಪ್ಪ, ಮುನಿನಾರಾಯಣಪ್ಪ, ಮರ್ಯಾದಸ್ಥ.)

೧ (ಇನ್ನೊಂದು ಸಲ)

“ಕೋದಂಡರಾಮಪ್ಪನವರು ಪೇಟ ಸರಿಮಾಡಿಕೊಂಡು ಬಲಗೈ ಎತ್ತಿದರು. ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ.”

ಹರಿದುಹಾಕಿದೆ. ಸೂಜಿ ಬಿದ್ದರೆ ಕೇಳಿಸುವಂಥ ಮೌನ ಆ ಸೀಮೆಯ ಯಾವ ಚಪ್ಪರದಲ್ಲೂ ಯಾವ ಕಾಲದಲ್ಲೂ ಇದ್ದದ್ದಿಲ್ಲ. ಕೂಸುಗಳು ಅಳುತ್ತಿರುತ್ತವೆ, ಯಾರೋ ಪಾನಕ ಸಾಲಲಿಲ್ಲ ಎಂದು ಯಾರ ಮೇಲೋ ರೇಗುತ್ತಿರುತ್ತಾರೆ, ಹಿಂದೆ ಕೂತವರು ಮುಂದೆ ಕೂತವರ ತಲೆಯನ್ನು ಬಯ್ಯುತ್ತಿರುತ್ತಾರೆ. ಆದರೆ ಕೋದಂಡರಾಮಪ್ಪನವರನ್ನು ಹರಿದುಹಾಕುವ ಹಾಗಿಲ್ಲ, ಅವರು ಬೇಕು.

ಅವರು ಕೋಲಾರದಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಂದು ವರ್ಷ ದಸರೆಗೆ ಮೈಸೂರಿಗೆ ಹೋಗಿ ಅರಮನೆಯ ಬ್ಯಾಂಡು ಕೇಳಿ ಬಂದವರಿಗೆ ತಲೆ ನೆಟ್ಟಗೆ ನಿಲ್ಲಲಿಲ್ಲ. ಪಿಟೀಲು ಕಲಿಯುವ ಮಕ್ಕಳು, ಕೊಳಲು ಊದುವ ಮಕ್ಕಳು, ಮೃದಂಗ ಬಡಿಯುವ ಮಕ್ಕಳು, ಎಲ್ಲರನ್ನೂ ಗುಡ್ಡೆಹಾಕಿ ತಮ್ಮ ಜಗುಲಿಯ ಮೇಲೆ ಕೂರಿಸಿ ಅದಕ್ಕೆ ‘ಬಾಲ ಆರ್ಕೆಸ್ಟ್ರಾ’ ಎಂದು ಹೆಸರಿಟ್ಟರು. ಊರವರ ಬಾಯಲ್ಲಿ ಅದು ‘ಮೇಷ್ಟ್ರ ಮೇಳ’. ಯುಗಾದಿ ಕಳೆಯಿತೆಂದರೆ ರಾಮನವಮಿ ಚಪ್ಪರಗಳಲ್ಲಿ ಇವರ ಕಚೇರಿಗಳು: ಮೊದಲು ಮಾಲೂರು, ಆಮೇಲೆ ಕೋಲಾರ, ಆಮೇಲೆ ಮುಳಬಾಗಿಲು, ಕೊನೆಗೆ ಶ್ರೀನಿವಾಸಪುರ. ಅಲ್ಲಿಗೆ ಸೀಸನ್ನು ಮುಗಿಯಿತು. ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ರೇಷನ್ನು, ಪೆಟ್ರೊಮ್ಯಾಕ್ಸ್ ಹಚ್ಚುವ ಹಾಗಿಲ್ಲ. ಹಾಗಾಗಿ ಆ ವರ್ಷದ ಕಚೇರಿಗಳೆಲ್ಲ ಬಿಸಿಲಿರುವಾಗಲೇ, ನಾಲ್ಕು ಗಂಟೆಗೇ ಶುರು.

ಮೇಳದಲ್ಲಿ ಒಂಟಿಯಾಗಿ ನುಡಿಸುವ ಯೋಗ್ಯತೆ ಇಬ್ಬರಿಗೆ ಮಾತ್ರ ಇತ್ತು. ಒಬ್ಬ ಪಿಟೀಲಿನ ಕದಿರೇಶ. ಇನ್ನೊಬ್ಬಳು ಜಲತರಂಗದ ಶ್ಯಾಮಲ. ಪಿಂಗಾಣಿ ಬಟ್ಟಲುಗಳನ್ನು ಅರ್ಧಚಂದ್ರಾಕಾರದಲ್ಲಿ ಜೋಡಿಸಿ, ಅವಕ್ಕೆ ಬೇಕಾದಷ್ಟೇ ನೀರು ತುಂಬಿ, ಬಿದಿರಿನ ಎರಡು ಸಣ್ಣ ಕಡ್ಡಿಗಳಿಂದ ಅಂಚನ್ನು ತಟ್ಟಿ ನುಡಿಸುವ ವಾದ್ಯ ಅದು. ನೀರು ಹೆಚ್ಚಿದರೆ ಸ್ವರ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಮುಂದೆ ಓದಬಹುದು.

೧ (ಕದಿರೇಶನ ತಕರಾರು)

“ಕಥೆ ನಂದಾಗಿರ್ಬೇಕಿತ್ತು,” ಅಂದ ಕದಿರೇಶ. “ಪಿಟೀಲು ಅಂದ್ರೆ ಪಿಟೀಲು. ಬಟ್ಟಲು ತಟ್ಟೋದು ಯಾರ್ ಬೇಕಾದ್ರೂ ತಟ್ತಾರೆ.”

ನಿನಗೆ ಏನು ಬೇಕಪ್ಪ ಎಂದು ಕೇಳಿದೆ. ಯೋಚಿಸಿದ. ಅವನಿಗೆ ಹದಿನಾಲ್ಕು ವರ್ಷ. ಒಳ್ಳೆಯ ಪಿಟೀಲಿತ್ತು. ಅವನ ಅಪ್ಪ ಪ್ರತಿ ಕಚೇರಿಗೂ ಬಂದು ಎಲ್ಲರಿಗಿಂತ ಮುಂದೆ ಕೂತು ತಪ್ಪು ತಾಳ ಹಾಕುತ್ತಿದ್ದರು.

“ಎಲ್ಲಾ ಇದೆ ಅನ್ಸುತ್ತೆ,” ಅಂದ.

ಎಲ್ಲ ಇರುವವನಿಗೆ ನಾನು ಕಥೆ ಎಲ್ಲಿಂದ ಹೊಂದಿಸಲಿ ಮಾರಾಯ ಎಂದೆ. ಮುಖ ಚಿಕ್ಕದು ಮಾಡಿಕೊಂಡು ಹೋಗಿ ಪಿಟೀಲಿನ ಕಮಾನಿಗೆ ರಾಳ ಉಜ್ಜುತ್ತ ಕೂತ. ಪಾಪ, ಒಳ್ಳೆಯ ಹುಡುಗ. ಕೊನೆಯಲ್ಲಿ ಅವನಿಗೂ ಒಂದು ಕೆಲಸ ಇಟ್ಟಿದ್ದೇನೆ.

೨

ಶ್ಯಾಮಲಳಿಗೆ ಬೇಕಾದದ್ದು ಒಂದೇ. ಅವಳ ಅಪ್ಪ ಒಂದು ಸಲ ಬಂದು ಅವಳು ನುಡಿಸುವುದನ್ನು ಕೇಳಬೇಕು.

ಇದೇನು ದೊಡ್ಡ ಆಸೆ ಅನ್ನುತ್ತೀರಿ. ದೊಡ್ಡದೇ. ಅವಳ ಅಪ್ಪ ಮುನಿನಾರಾಯಣಪ್ಪ ಸುಗಟೂರಿನಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕುವವರು. ಆ ಮನೆಯಲ್ಲಿ ಹುಳುವಿಗೆ ಇದ್ದ ಮರ್ಯಾದೆ ನೆಂಟರಿಗೆ ಇರಲಿಲ್ಲ. ಹುಳು ಸಾಕುವ ಬಿದಿರಿನ ತಟ್ಟೆಗಳಿರುವ ಮನೆಯೊಳಕ್ಕೆ ಮೆಟ್ಟು ಹಾಕಿಕೊಂಡು ಹೋಗುವಂತಿಲ್ಲ. ಒಗ್ಗರಣೆಯ ಘಾಟು ಆಗದು, ಹೊರಗಿನವರ ನೆರಳು ಆಗದು, ಸದ್ದಂತೂ ಆಗಲೇ ಆಗದು. ಶ್ಯಾಮಲ ಚಿಕ್ಕವಳಿದ್ದಾಗ ಹಿತ್ತಾಳೆ ಲೋಟವನ್ನು ಚಮಚದಿಂದ ತಟ್ಟಿದ್ದಕ್ಕೆ ಅವಳ ಅಮ್ಮ ಬಚ್ಚಮ್ಮ ಬೆನ್ನಿಗೆ ಎರಡು ಬಿಟ್ಟಿದ್ದಳು. ಆಮೇಲೆ ಓದಲಿಕ್ಕೆಂದು ಕೋಲಾರದ ಸೋದರತ್ತೆಯ ಮನೆಗೆ ಕಳಿಸಿದರು. ಅಲ್ಲಿ ಮೇಷ್ಟ್ರ ಕಣ್ಣಿಗೆ ಬಿದ್ದಳು. ಬಟ್ಟಲುಗಳು ಮೇಷ್ಟ್ರವು. ಅವರ ಜಗುಲಿ ಬಿಟ್ಟು ಕಚೇರಿಗೆ ಮಾತ್ರ ಹೊರಗೆ ಹೋಗುತ್ತಿದ್ದವು. ಸುಗಟೂರಿನವರು ಯಾರೂ ಆ ವಾದ್ಯವನ್ನು ಕಣ್ಣಿನಿಂದಲೂ ನೋಡಿದ್ದಿಲ್ಲ, ಅವಳ ಅಪ್ಪನೂ ಸೇರಿ.

(ಇದನ್ನು ಗಮನವಿಟ್ಟು ಓದಿ. ಸುಮ್ಮನೆ ಬರೆದದ್ದಲ್ಲ.)

ಯುಗಾದಿಗೆ ಊರಿಗೆ ಹೋದಾಗ ಅವಳು ಕೇಳಿದಳು. ಅಪ್ಪ ಸೊಪ್ಪು ಹೆಚ್ಚುತ್ತ ಕೂತಿದ್ದರು.

“ಈ ಸಲ ಬರ್ತೀಯೇನಪ್ಪ, ಕಚೇರಿಗೆ?”

“ಹುಳ ಮೇಯಿಸೋದ್ ಬಿಟ್ಟು ಹೆಂಗಮ್ಮ ಬರ್ಲಿ?”

“ನಾಕು ಕಡೆ ಇದೆ. ಯಾವ್ದಾದ್ರೂ ಒಂದಕ್ಕೆ.”

ಅಪ್ಪ ಕುಡುಗೋಲು ಕೆಳಗಿಟ್ಟರು. “ನೋಡಮ್ಮ, ಯುದ್ಧ ಬಂದಾಗಿಂದ ಗೂಡು ಕೇಳೋರು ಹೆಚ್ಚಾಗವ್ರೆ. ಯಾವನೋ ಸಿಪಾಯಿ ವಿಮಾನದಿಂದ ಕೆಳಕ್ಕೆ ಹಾರೋಕೆ ನಮ್ ನೂಲೇ ಬೇಕಂತೆ, ಛತ್ರಿ ಮಾಡ್ತಾರಂತೆ. ಇನ್ನೂ ಎರಡು ಅಂಕಣ ತಟ್ಟೆ ಏರ್ಸಣ ಅಂತಿದೀನಿ. ನಿಮ್ಮಮ್ಮಂಗೆ ಒಬ್ಳಿಗೇ ಆಗಲ್ಲ. ಪರೀಕ್ಷೆ ಮುಗೀತಲ್ಲ, ನೀನೂ ಮನೇಗೆ ಬಂದ್ಬಿಡು.”

ಅವಳು ಅಳಲಿಲ್ಲ. ಅಳುವವಳಾಗಿದ್ದರೆ ನನಗೆ ಈ ಕಥೆ ಎರಡು ಪುಟದಲ್ಲಿ ಮುಗಿಯುತ್ತಿತ್ತು.

“ಒಂದ್ಸಲ ಕೇಳಪ್ಪ. ಕೇಳಿ ಆಮೇಲೆ ಹೇಳು. ನೀನು ಬಿಡು ಅಂದ್ರೆ ಬಿಟ್ಬಿಡ್ತೀನಿ.”

ಅಪ್ಪ ಕುಡುಗೋಲು ಮತ್ತೆ ಕೈಗೆ ತೆಗೆದುಕೊಂಡರು. “ಆಯ್ತು, ಕೇಳ್ತೀನಿ. ಆಮೇಲೆ ನೋಡಣ,” ಅಂದರು.

೩

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಒಂದು ಬೆಳೆಯಲ್ಲಿ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಜ್ವರಕ್ಕೆ ಕೂತ ಹುಳುವನ್ನು ಬಿಟ್ಟು ಮನೆಯ ಯಜಮಾನ ಊರು ದಾಟುವುದಿಲ್ಲ.

ಮಾಲೂರಿನ ಕಚೇರಿಯ ದಿನ ಹುಳು ಎರಡನೇ ಜ್ವರಕ್ಕೆ ಕೂತಿತು. ಶ್ಯಾಮಲ ಚಾಪೆಯ ಮೇಲೆ ಅಪ್ಪನಿಗೆಂದು ಟವೆಲು ಹಾಸಿ ಜಾಗ ಹಿಡಿದಿದ್ದಳು. ಅಪ್ಪ ಬರಲಿಲ್ಲ, ಟವೆಲಿನ ಮೇಲೆ ಕದಿರೇಶನ ಅಪ್ಪ ಕೂತರು. ಕೋಲಾರದಲ್ಲಿ ಮೂರನೇ ಜ್ವರ. ಮುಳಬಾಗಿಲಿನಲ್ಲಿ ನಾಲ್ಕನೆಯದು. ಅಲ್ಲಿ ಬಿಸಿಗಾಳಿಗೆ ಬಟ್ಟಲಿನ ನೀರು ಕಣ್ಣೆದುರಿಗೇ ಇಂಗುತ್ತಿತ್ತು. ನುಡಿಸುತ್ತ ನುಡಿಸುತ್ತಲೇ ಎಡಗೈಯಲ್ಲಿ ಚಮಚದಿಂದ ನೀರು ಬಿಟ್ಟು ಸ್ವರ ಸರಿಮಾಡಿಕೊಂಡಳು. ಮೇಷ್ಟ್ರು ಕಣ್ಣಿನಲ್ಲೇ ಭೇಷ್ ಅಂದರು. ಜನ ಚಪ್ಪಾಳೆ ತಟ್ಟಿದರು. ಅವಳು ಚಪ್ಪಾಳೆಯ ಕಡೆ ನೋಡದೆ ಚಪ್ಪರದ ಬಾಗಿಲಿನ ಕಡೆ ನೋಡಿದಳು.

(ಕಚೇರಿಗೊಂದು ಜ್ವರ. ವಿಮರ್ಶಕರು ಇದನ್ನು ರಚನಾಕೌಶಲ ಅನ್ನಬಹುದು. ಅನ್ನಲಿ, ಬೇಡ ಅನ್ನುವುದಿಲ್ಲ. ನಿಜವಾಗಿ ಹುಳುವಿನ ಲೆಕ್ಕವೇ ಹಾಗೆ.)

ಮುಳಬಾಗಿಲಿನಿಂದ ವಾಪಸು ಬರುವಾಗ ಶ್ಯಾಮಲ ನನ್ನನ್ನು ತರಾಟೆಗೆ ತೆಗೆದುಕೊಂಡಳು.

“ನಿಮ್ ಕಥೆಗೆ ಬೇಕು ಅಂತ ನಮ್ ಹುಳಕ್ಕೆ ಜ್ವರ ತರ್ಸ್ತೀರಾ?”

ಜ್ವರ ನಾನು ತರಿಸಿದ್ದಲ್ಲ ತಾಯಿ, ಅದು ಅದರ ಪಾಡಿಗೆ ಬರುತ್ತದೆ ಎಂದೆ.

“ಹಂಗಾದ್ರೆ ದಿನ ಹಿಂದೆ ಮುಂದೆ ಮಾಡಿ.”

ಶ್ರೀನಿವಾಸಪುರಕ್ಕೆ ಕರೆಸುತ್ತೇನೆ, ಖಂಡಿತ ಕರೆಸುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ನಡೆಸಿಕೊಡಬೇಕಲ್ಲ.

೪

ಮುನಿನಾರಾಯಣಪ್ಪ ಶ್ರೀನಿವಾಸಪುರಕ್ಕೆ ಬಂದರು.

ಹುಳು ಹಣ್ಣಾಗುವ ಹೊತ್ತು ಹತ್ತಿರ ಬಂದಿತ್ತು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ತಡಮಾಡಿದರೆ ನೂಲು ದಂಡ. ಕತ್ತಲಾಗುವುದರೊಳಗೆ ಬಂದುಬಿಡ್ತೀನಿ ಎಂದು ಬಚ್ಚಮ್ಮನಿಗೆ ಹೇಳಿ, ಮಧ್ಯಾಹ್ನದ ಬಸ್ಸು ಹಿಡಿದು ಬಂದಿದ್ದರು. ವಾಪಸು ಬಸ್ಸು ಐದಕ್ಕೆ. ಅದಾದ ಮೇಲೆ ಬೇರೆ ಬಸ್ಸಿಲ್ಲ. ಇದು ತಿಳಿದಿದ್ದ ಮೇಷ್ಟ್ರು ಆ ದಿನ ಮಾತ್ರ ಪದ್ಧತಿ ಮುರಿದು, ಮೊದಲಿಗೇ ಶ್ಯಾಮಲಳ ಮೋಹನ ರಾಗ ಇಟ್ಟಿದ್ದರು. ನಾಲ್ಕಕ್ಕೆ ಶುರುಮಾಡಿದರೆ ನಾಲ್ಕೂಮುಕ್ಕಾಲರ ಒಳಗೆ ಅಪ್ಪ ಎಲ್ಲ ಕೇಳಿಕೊಂಡು, ಕೊಟ್ಟ ಕೋಸಂಬರಿಯನ್ನೂ ತಿಂದು ಬಸ್ಸು ಹತ್ತಬಹುದು. ಇಷ್ಟು ಸಲೀಸಾಗಿ ನಾನು ಯಾವ ಕಥೆಯನ್ನೂ ಹೊಂದಿಸಿದವನಲ್ಲ.

ಶ್ಯಾಮಲ ಮೂರೂವರೆಗೇ ಬಟ್ಟಲುಗಳನ್ನೆಲ್ಲ ಶ್ರುತಿ ಮಾಡಿಟ್ಟಳು. ರಾಮರ ಪಟದ ಮುಂದೆ ಬಿಳಿ ಬಟ್ಟೆಯ ಮೇಲೆ ಹದಿನಾರು ಬಟ್ಟಲು ಸಾಲಾಗಿ ಕೂತವು. ಅರ್ಚಕರು ಬಂದು ವಾದ್ಯಗಳಿಗೆ ಪೂಜೆ ಮಾಡಿದರು. ಮೃದಂಗಕ್ಕೆ ಕುಂಕುಮ ಇಟ್ಟರು, ಪಿಟೀಲಿಗೆ ಹೂ ಸಿಕ್ಕಿಸಿದರು. ಬಟ್ಟಲುಗಳಿಗೆ ಏನು ಮಾಡುವುದೆಂದು ಒಂದು ಕ್ಷಣ ಯೋಚಿಸಿ, ಪ್ರತಿಯೊಂದರ ನೀರಿಗೂ ಒಂದೊಂದು ತುಳಸಿದಳ ಹಾಕಿದರು. ಮಕ್ಕಳೆಲ್ಲ ಪಾನಕ ಕುಡಿಯಲು ಚಪ್ಪರದ ಹಿಂದಕ್ಕೆ ಹೋದರು.

ಇಲ್ಲಿಂದ ಮುಂದಿನದನ್ನು ಶ್ಯಾಮಲ ಕಣ್ಣಾರೆ ನೋಡಲಿಲ್ಲ. ಚಪ್ಪರದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ದೊಡ್ಡಗಂಗಮ್ಮ ದೂರದಿಂದ ನೋಡಿ ಆಮೇಲೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಮುನಿನಾರಾಯಣಪ್ಪ ಬಸ್ಸಿಳಿದು, ಬಾವಿಯ ಹತ್ತಿರ ಕೈಕಾಲು ತೊಳೆದುಕೊಂಡು, ಚಪ್ಪರದೊಳಕ್ಕೆ ಬಂದು ರಾಮರ ಪಟಕ್ಕೆ ಕೈಮುಗಿದರು. ಮಗಳನ್ನು ಹುಡುಕಿದರು, ಕಾಣಲಿಲ್ಲ. ದೇವರ ಮುಂದೆ ತುಳಸಿ ಹಾಕಿದ ನೀರು, ಬಟ್ಟಲುಗಳಲ್ಲಿ, ಸಾಲಾಗಿ. ಕೊಡುವವರು ಯಾರೂ ಇಲ್ಲ. ಬಂದವರು ತಾವೇ ತಗೊಳ್ಳಲಿ ಅಂತ ಇಟ್ಟಿದ್ದಾರೆ, ಶ್ರೀನಿವಾಸಪುರದವರು ಅನುಕೂಲಸ್ಥರು ಅಂದುಕೊಂಡರು. ಬಲಗಡೆಯ ತುದಿಯ ಸಣ್ಣ ಬಟ್ಟಲುಗಳಲ್ಲಿ ಒಂದನ್ನು ಭಕ್ತಿಯಿಂದ ಎತ್ತಿ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡು, ಬಟ್ಟಲನ್ನು ಪಂಚೆಯ ಅಂಚಿನಿಂದ ಒರೆಸಿ ಬೋರಲು ಹಾಕಿದರು.

ಹಿಂದೆ ನಿಂತಿದ್ದವರೊಬ್ಬರು, “ತೀರ್ಥಮಾ ಅಣ್ಣಾ?” ಎಂದು ತೆಲುಗಿನಲ್ಲಿ ಕೇಳಿದರು.

“ಹೌದು, ತಗೊಳ್ಳಿ. ಒಬ್ಬರಿಗೆ ಒಂದು,” ಅಂದರು ಮುನಿನಾರಾಯಣಪ್ಪ.

ಅಷ್ಟೇ. ಸಾಲು ನಿಂತಿತು. ತಳ್ಳಾಟವಿಲ್ಲ, ಗಲಾಟೆಯಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದು, ಕುಡಿದು, ಒರೆಸಿ, ಬೋರಲು ಹಾಕಿ ಹೋದರು. ಎಡತುದಿಯ ದೊಡ್ಡ ಬಟ್ಟಲು ಪಾಲಿಗೆ ಬಂದ ಮುದುಕರೊಬ್ಬರು, ಇಷ್ಟೊಂದು ತೀರ್ಥ ಯಾರಪ್ಪ ಕುಡೀತಾರೆ ಎಂದು ಗೊಣಗುತ್ತಲೇ ಪೂರ್ತಿ ಮುಗಿಸಿದರು.

೫

ಶ್ಯಾಮಲ ಕೈ ಒರೆಸಿಕೊಳ್ಳುತ್ತ ಬಂದಾಗ ಹದಿನಾರು ಬಟ್ಟಲೂ ಬೋರಲು ಬಿದ್ದಿದ್ದವು. ಅವುಗಳ ಪಕ್ಕದಲ್ಲಿ ಅಪ್ಪ ನಿಂತಿದ್ದರು, ಹೊಸ ಅಂಗಿ ಹಾಕಿಕೊಂಡು, ತಲೆಗೂದಲು ಒದ್ದೆಯಾಗಿ, ತುಟಿಯ ಮೇಲೊಂದು ತುಳಸಿ ಎಲೆ ಅಂಟಿಕೊಂಡು.

ಅವಳಿಗೆ ಅಪ್ಪನನ್ನು ನೋಡಿ ಆದ ಸಂತೋಷ ಮೊದಲು ಬಂತು. ಬಟ್ಟಲಿನ ವಿಷಯ ತಲೆಗೆ ಹತ್ತಿದ್ದು ಆಮೇಲೆ.

“ಬಂದ್ಯಾಪ್ಪ?”

“ಬಂದೆ ಕಣಮ್ಮ. ತೀರ್ಥ ತಗೊಂಡೆ. ನಿನ್ ವಾದ್ಯ ಎಲ್ಲಮ್ಮ?”

ಅವಳು ಬಟ್ಟಲುಗಳ ಕಡೆ ನೋಡಿದಳು. ಅಪ್ಪನೂ ನೋಡಿದರು. ಮಗಳ ಮುಖ ನೋಡಿದರು. ಮತ್ತೆ ಬಟ್ಟಲುಗಳ ಕಡೆ ನೋಡಿದರು.

“ತೀರ್ಥ ಅಲ್ವೇನಮ್ಮ ಅದು?”

“ಯಾವ ಬಟ್ಟಲಪ್ಪ ನೀನು ಕುಡಿದಿದ್ದು?”

ಮುನಿನಾರಾಯಣಪ್ಪ ಬೆರಳು ತೋರಿಸಿದರು.

“ಅದು ಗಾಂಧಾರ ಅಪ್ಪ. ಮೇಲಿಂದು.”

(ಇಲ್ಲಿ ನಗಬೇಕೆನಿಸಿದರೆ ನಗಿ. ಕದಿರೇಶ ನಕ್ಕ, ಮೃದಂಗದವನು ನಕ್ಕ, ಕೊನೆಗೆ ಅರ್ಚಕರೂ ನಕ್ಕರು. ಮುನಿನಾರಾಯಣಪ್ಪ ನಗಲಿಲ್ಲ. ಅವರ ಮುಖ ಇಷ್ಟೇ ಇಷ್ಟಾಗಿತ್ತು. ಹಾಗಾಗಿ ಶ್ಯಾಮಲಳೂ ನಗಲಿಲ್ಲ.)

“ನೀನು ಕೂತ್ಕೋಪ್ಪ. ನೀರು ತುಂಬ್ಕೊಂಡ್ರೆ ಆಯ್ತು,” ಅಂದಳು. ಅವಳೇ ಚಾಪೆ ಎಳೆದು ಮುಂದೆ ಹಾಸಿದಳು. ಕದಿರೇಶನ ಅಪ್ಪ ಅಲ್ಲಿಗೂ ಬಂದರು, ಅವರನ್ನು ನಾನೇ ಕೈಹಿಡಿದು ಬೇರೆ ಕಡೆ ಕೂರಿಸಿದೆ.

ನೀರು ತುಂಬುವುದು ಅಷ್ಟು ಸುಲಭವಾಗಲಿಲ್ಲ. ದೊಡ್ಡಗಂಗಮ್ಮ ಅಡ್ಡ ಬಂದಳು. “ಊರವರೆಲ್ಲ ಎಂಜಲು ಮಾಡಿರೋ ಬಟ್ಟಲನ್ನ ಹಂಗೇ ದೇವರ ಮುಂದೆ ಇಡ್ತೀರಾ? ಕಡಿಗಿ ತೀಸ್ಕೊನಿ ರಾಂಡಿ. ತೊಳ್ಕೊಂಡ್ ಬನ್ನಿ,” ಎಂದು ತೆಲುಗು, ಕನ್ನಡ ಎರಡರಲ್ಲೂ ಅಂದಳು. ಅರ್ಚಕರೂ ತಲೆಯಾಡಿಸಿದರು. ಹುಣಿಸೇಹಣ್ಣು ಬಂತು. ಬಾವಿಯಿಂದ ನೀರು ಸೇದಿ, ಒಂದೊಂದೇ ಬಟ್ಟಲು ತಿಕ್ಕಿ, ತೊಳೆದು, ಒರೆಸಿ, ತಂದು ಜೋಡಿಸುವ ಹೊತ್ತಿಗೆ ನಾಲ್ಕೂಕಾಲು ದಾಟಿತ್ತು. ಮುನಿನಾರಾಯಣಪ್ಪ ತಾವೂ ತೊಳೆಯಲು ಎದ್ದರು. ಮೇಷ್ಟ್ರು ಅವರ ಭುಜ ಹಿಡಿದು ಕೂರಿಸಿದರು.

೬

ಶ್ಯಾಮಲ ಶ್ರುತಿ ಮಾಡಲು ಕೂತಳು.

ಕದಿರೇಶ ಪಿಟೀಲಿನ ತಂತಿಯ ಮೇಲೆ ಕಮಾನನ್ನು ಉದ್ದಕ್ಕೆ ಎಳೆದು ಷಡ್ಜ ಹಿಡಿದ. ಅವಳು ದೊಡ್ಡ ಬಟ್ಟಲಿಗೆ ನೀರು ಹೊಯ್ದು, ತಟ್ಟಿ, ಕಿವಿ ಬಗ್ಗಿಸಿ ಕೇಳಿದಳು. ಒಂದು ಚಮಚ ಬಿಟ್ಟಳು. ತಟ್ಟಿದಳು. ಅರ್ಧ ಚಮಚ ತೆಗೆದಳು. ತಟ್ಟಿದಳು. ಪಿಟೀಲಿನ ಸದ್ದೂ ಬಟ್ಟಲಿನ ಸದ್ದೂ ಒಂದಾದವು. ಮುಂದಿನ ಬಟ್ಟಲಿಗೆ ಹೋದಳು. ಬಾವಿಯ ನೀರು ತಣ್ಣಗಿತ್ತು, ಗಾಳಿ ಬಿಸಿಯಾಗಿತ್ತು, ಒಂದು ಸಲಕ್ಕೆ ಯಾವುದೂ ನಿಲ್ಲಲಿಲ್ಲ. ಕೈ ಆತುರಪಟ್ಟರೆ ಕಿವಿ ಕೆಡುತ್ತದೆ ಎಂದು ಮೇಷ್ಟ್ರು ಕಲಿಸಿದ್ದರು, ಹಾಗಾಗಿ ಆತುರಪಡಲಿಲ್ಲ. ಐದು ಗಂಟೆ ಮಾತ್ರ ಹತ್ತಿರ ಬರುತ್ತಿತ್ತು.

ಜನ ಮಾತಾಡುತ್ತಲೇ ಇದ್ದರು. ಶ್ರುತಿ ಮಾಡುವಾಗ ಯಾರು ಸುಮ್ಮನಿರುತ್ತಾರೆ. ಮುನಿನಾರಾಯಣಪ್ಪ ಒಬ್ಬರೇ ಸುಮ್ಮನಿದ್ದರು. ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟು, ಮಗಳ ಕೈಯನ್ನೇ ನೋಡುತ್ತಿದ್ದರು. ಅವಳು ಚಮಚ ಎತ್ತಿದಾಗ ಉಸಿರು ಹಿಡಿಯುತ್ತಿದ್ದರು. ಸ್ವರ ಸೇರಿದಾಗ ಅವರ ಭುಜ ಇಳಿಯುತ್ತಿತ್ತು. ಹುಳು ಸೊಪ್ಪು ಕಚ್ಚುವುದನ್ನು ತಟ್ಟೆಗೆ ಕಿವಿಯಿಟ್ಟು ಕೇಳಿ ಬೆಳೆಯ ಆರೋಗ್ಯ ಹೇಳುವ ಮನುಷ್ಯ ಅವರು. ಸಣ್ಣ ಸದ್ದನ್ನು ಕೇಳುವುದು ಅವರಿಗೆ ಹೊಸದಲ್ಲ.

ಕೊನೆಯ ಬಟ್ಟಲೂ ಸೇರಿತು. ಶ್ಯಾಮಲ ನೋಡೋಣವೆಂದು ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ಎಲ್ಲ ಸ್ವರಗಳನ್ನೂ ತಟ್ಟಿದಳು. ಎಲ್ಲವೂ ಸರಿಯಾಗಿ ಮಾತಾಡಿದವು. ಮೇಷ್ಟ್ರು ಶುರುಮಾಡಿಸಲು ಕೈ ಎತ್ತಿದರು.

ಆಗ ಚಪ್ಪರದ ಪಕ್ಕದ ಮರದ ಕೆಳಗಿನಿಂದ ಬಸ್ಸಿನ ಹಾರನ್ನು ಕೇಳಿಸಿತು. ಕಂಡಕ್ಟರು ಕೋಲಾರ, ಕೋಲಾರ ಎಂದು ಕೂಗಿದ.

ಮುನಿನಾರಾಯಣಪ್ಪ ಎದ್ದು ನಿಂತರು. ಮಗಳ ಹತ್ತಿರ ಬಂದು ಬಗ್ಗಿದರು. ಕಣ್ಣು ತುಂಬಿಕೊಂಡಿತ್ತು.

“ಭಾಳ ಚೆನ್ನಾಗಿತ್ತು ಕಣಮ್ಮ,” ಅಂದರು. “ಒಂದೊಂದನ್ನೂ ಎಷ್ಟು ಸಮಾಧಾನವಾಗಿ ಮಾತಾಡಿಸ್ದೆ. ಕೊನೇಗೆ ಎಲ್ಲಾನೂ ಒಂದೇ ಸಲ ಮಾತಾಡ್ಸಿದ್ಯಲ್ಲ, ನಂಗೆ ಮೈ ಝುಂ ಅಂತು.”

ಶ್ಯಾಮಲ ಎತ್ತಿದ್ದ ಕಡ್ಡಿಗಳನ್ನು ಇಳಿಸಿದಳು.

“ಹುಳ ನಾವು ನೋಡ್ಕೋತೀವಿ,” ಅಂದರು ಅಪ್ಪ. “ನೀನು ಇದನ್ನ ಬಿಡ್ಬೇಡ.”

ಕದಿರೇಶ, “ಇನ್ನೂ ಶುರುವೇ—” ಎಂದು ಹೊರಟ. ಶ್ಯಾಮಲ ಕಡ್ಡಿಯಿಂದ ಅವನ ಮೊಣಕಾಲಿಗೆ ಬಲವಾಗಿ ಕುಕ್ಕಿದಳು. ಅವನು ಬಾಯಿ ಮುಚ್ಚಿದ. ಮುನಿನಾರಾಯಣಪ್ಪ ಮೇಷ್ಟ್ರಿಗೆ ಬಗ್ಗಿ ಕೈಮುಗಿದು, ಓಡಿಹೋಗಿ ಬಸ್ಸು ಹತ್ತಿದರು.

೭

ಈಗ ಮುಕ್ತಾಯ. ನನ್ನ ಹತ್ತಿರ ಮೂರು ಇವೆ.

ಅ) ಬಸ್ಸು ಹೊರಡುವುದಿಲ್ಲ. ಅಪ್ಪ ಇಳಿದು ವಾಪಸು ಬರುತ್ತಾರೆ. ಮಗಳು ಮೋಹನ ನುಡಿಸುತ್ತಾಳೆ. ಅಪ್ಪ ಕೇಳುತ್ತಾರೆ.

ಆ) ಬಸ್ಸು ಹೊರಡುತ್ತದೆ. ಬಸ್ಸಿನಲ್ಲಿ ಯಾರೋ ಸಂಗೀತ ಬಲ್ಲವರು, ನೀವು ಕೇಳಿದ್ದು ಬರೀ ಶ್ರುತಿ ಮಾಡುವ ಸದ್ದು ಕಣ್ರೀ ಎನ್ನುತ್ತಾರೆ. ಅಪ್ಪ ದಾರಿಯುದ್ದಕ್ಕೂ ತಲೆ ತಗ್ಗಿಸಿ ಕೂರುತ್ತಾರೆ.

ಇ) ಎಷ್ಟೋ ವರ್ಷಗಳ ಮೇಲೆ ಅಪ್ಪ ರೇಡಿಯೋದಲ್ಲಿ—

ಇ-ಯನ್ನು ಇಲ್ಲಿಗೇ ಹರಿದೆ. ಆ-ಯನ್ನು ಬರೆಯಲು ನನಗೆ ಎದೆ ಸಾಲದು. ಉಳಿದದ್ದು ಅ. ನಿಜ ಹೇಳಬೇಕೆಂದರೆ ಮೊದಲಿನಿಂದಲೂ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲ. ಬಸ್ಸುಗಳಿಗೆ ಹಿಂದುಗಡೆ ದೊಡ್ಡ ಡಬ್ಬ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಇದ್ದಿಲು ಹಸಿಯಾಗಿದ್ದರೆ ಬಸ್ಸು ಕೆಮ್ಮಿಕೊಂಡು ನಿಂತಲ್ಲೇ ನಿಲ್ಲುತ್ತದೆ. ನಾನು ಹಸಿ ಇದ್ದಿಲನ್ನೇ ಹಾಕಿಸಿದೆ. ಕ್ಲೀನರು ಹಿಡಿಕೆ ತಿರುಗಿಸಿ ತಿರುಗಿಸಿ ಗಾಳಿ ಊದುತ್ತಿದ್ದಾನೆ. ಬಸ್ಸು ಹೊಗೆ ಬಿಡುತ್ತಿದೆ, ಹೊರಡುತ್ತಿಲ್ಲ. ನನ್ನ ಬಗ್ಗೆ ನನಗೇ ಅಭಿಮಾನ ಉಕ್ಕಿತು. ಕೊಟ್ಟ ಮಾತು ಉಳಿಸಿಕೊಂಡೆ, ನುಡಿಸಮ್ಮ, ಅಪ್ಪ ಇಲ್ಲೇ ಇದ್ದಾರೆ ಎಂದೆ.

ಶ್ಯಾಮಲ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಬಚ್ಚಮ್ಮನ ಕೈ ಅವಳಿಗೂ ಇರಬಹುದು ಎಂದು ನಾನು ಸ್ವಲ್ಪ ಹಿಂದೆ ಸರಿದೆ.

“ಬಸ್ ಹೊರಡ್ಸಿ,” ಅಂದಳು.

ಯಾಕಮ್ಮ, ಅಪ್ಪ ಕೇಳಬೇಕು ಅಂತ ತಾನೇ ನಾಲ್ಕು ಊರು ಸುತ್ತಿದ್ದು?

“ಕೇಳ್ಬೇಕು ಅಂತಾನೇ. ಈಗ ನಾನು ನುಡಿಸಿದ್ರೆ ಅಪ್ಪಂಗೆ ಏನ್ ಗೊತ್ತಾಗುತ್ತೆ? ಮೊದ್ಲು ಕೇಳಿದ್ದು ಕಚೇರಿ ಅಲ್ಲ ಅಂತ ಗೊತ್ತಾಗುತ್ತೆ. ಎಲ್ಲರ ಮುಂದೆ ತೀರ್ಥ ಅಂತ ಕುಡಿದು ಒಂದ್ಸಲ ಮುಖ ಸಣ್ಣ ಮಾಡ್ಕೊಂಡಾಯ್ತು. ಇನ್ನೊಂದ್ಸಲ ಬೇಡ. ಕಣ್ಣಲ್ಲಿ ನೀರು ತಂದ್ಕೊಂಡು ಹೇಳಿ ಹೋಗಿದಾರೆ. ಅದನ್ನ ನಾನು ಕಿತ್ಕೊಳ್ಳಲ್ಲ.”

ನಿನ್ನ ಮೋಹನ?

ಅಪ್ಪ ಅದನ್ನು ಕೇಳಬೇಕೆಂದು ಅವಳಿಗಿತ್ತು, ಈಗಲೂ ಇತ್ತು, ತುಂಬ ಇತ್ತು.

“ಬಸ್ ಹೊರಡ್ಸಿ ಅಂದ್ನಲ್ಲ,” ಅಂದಳು.

ನಾನು ಇದ್ದಿಲಿನ ಕಡೆ ನೋಡಿದೆ. ಹಸಿಯಾದದ್ದನ್ನು ಒಣಗಿಸುವುದು ಕಥೆಗಾರನಿಂದಲೂ ಚಿಟಿಕೆ ಹೊಡೆದಂತೆ ಆಗುವ ಕೆಲಸವಲ್ಲ. ಸ್ವಲ್ಪ ಹೊತ್ತು ಬೇಕು ಎಂದೆ.

“ಶ್ಯಾಮಲ, ಶ್ರುತಿ ಸೇರಿದೆಯಲ್ಲಮ್ಮ, ಎತ್ತು,” ಅಂದರು ಮೇಷ್ಟ್ರು. ಜನ ಗೊಣಗಲು ಶುರುಮಾಡಿದ್ದರು. ಬಸ್ಸು ನಿಂತದ್ದು ಚಪ್ಪರಕ್ಕೆ ಹತ್ತೇ ಮಾರು ದೂರದಲ್ಲಿ. ಕಿಟಕಿಯಲ್ಲಿ ಅಪ್ಪನ ಮುಖ ಕಾಣುತ್ತಿತ್ತು. ಇಲ್ಲಿ ಎತ್ತಿದ ರಾಗ ಅಲ್ಲಿ ಕೇಳಿಸುವುದರಲ್ಲಿ ಅನುಮಾನವಿಲ್ಲ.

ಶ್ಯಾಮಲ ಒಂದು ಬಟ್ಟಲಿನಿಂದ ಎರಡು ಚಮಚ ನೀರು ತೆಗೆದು ಚೆಲ್ಲಿದಳು. ತಟ್ಟಿದಳು. ಅಪಸ್ವರ ಬಂತು.

“ಇಲ್ಲ ಮೇಷ್ಟ್ರೇ, ಕೆಟ್ಟಿದೆ,” ಅಂದಳು.

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಅವರ ಕಣ್ಣ ಮುಂದೆಯೇ ಚೆಲ್ಲಿದ್ದಳು. ಅವಳು ಕಿಟಕಿಯ ಕಡೆ ನೋಡುತ್ತಿದ್ದದ್ದನ್ನು ಅವರೂ ನೋಡಿದರು. ಪೇಟ ತೆಗೆದು ಪಕ್ಕದಲ್ಲಿಟ್ಟುಕೊಂಡು ಕೂತರು.

ಕದಿರೇಶ ಪಿಟೀಲಿನ ಬಿರಡೆಗೆ ಕೈಹಾಕಿ, ಸರಿಯಾಗಿದ್ದ ತಂತಿಯನ್ನು ಸಡಿಲ ಬಿಟ್ಟ. “ನಂದೂ ಇಳ್ದೋಗಿದೆ ಮೇಷ್ಟ್ರೇ. ಮೊದ್ಲಿಂದ ನೋಡ್ಬೇಕು,” ಅಂದ.

ಅವನು ಬಿಗಿ ಮಾಡಿದ, ಅವಳು ತಟ್ಟಿದಳು. ಒಂದು ಚಮಚ ಬಿಟ್ಟಳು, ತಟ್ಟಿದಳು. ಸೇರಿದ ಸ್ವರವನ್ನು ಮತ್ತೆ ಕೆಡಿಸಿದಳು, ಮತ್ತೆ ಸೇರಿಸಿದಳು. ಆ ಸೀಸನ್ನಿನಲ್ಲಿ ಅವಳು ಅಷ್ಟು ಮನಸ್ಸಿಟ್ಟು ಬೇರೇನನ್ನೂ ನುಡಿಸಿರಲಿಲ್ಲ.

ಬಸ್ಸು ಯಾವಾಗ ಹೊರಟಿತು, ಹುಳು ಏನಾಯಿತು, ಅಪ್ಪನಿಗೆ ಮುಂದೆಂದಾದರೂ ನಿಜ ತಿಳಿಯಿತೇ ಎಂದು ನನ್ನನ್ನು ಕೇಳಬೇಡಿ. ನಾನು ಪೆನ್ನು ಕೆಳಗಿಟ್ಟು ಕ್ಲೀನರಿನ ಜೊತೆ ಹಿಡಿಕೆ ತಿರುಗಿಸಲು ನಿಂತಿದ್ದೇನೆ. ಕೈ ಮಸಿಯಾಗಿದೆ, ಬರೆದರೆ ಕಾಗದ ಹಾಳು. ಇಲ್ಲಿಂದ ಬಸ್ಸಿನೊಳಗಿನ ಮಾತು ಮಾತ್ರ ಕೇಳಿಸುತ್ತದೆ.

ಪಕ್ಕದ ಸೀಟಿನವರು ಬಿಸಿಲಿಗೆ, ಹೊಗೆಗೆ, ಬಸ್ಸಿನವನಿಗೆ ಬಯ್ಯುತ್ತಿದ್ದರು. ಮುನಿನಾರಾಯಣಪ್ಪ ಅವರ ಮೊಣಕೈ ಮುಟ್ಟಿ, ಕಿಟಕಿಯ ಆಚೆ ಚಪ್ಪರದ ಕಡೆ ಗದ್ದ ತೋರಿಸಿದರು.

“ನಮ್ ಹುಡ್ಗಿ,” ಅಂದರು. “ಒಸಿ ಸುಮ್ನಿರಿ. ಇನ್ನೂ ಮುಗ್ದಿಲ್ಲ.”